ಬರ್ಕಿಟ್ ಲಿಂಫೋಮ
ಪ್ರತಿಕಾಯಗಳನ್ನು ತಯಾರಿಸುವ, ರಕ್ತದ ಬಿ ಕೋಶಗಳಲ್ಲಿ ಹುಟ್ಟಿ, ಒಂದೆರಡು ದಿನಗಳಲ್ಲಿಯೇ ಇಮ್ಮಡಿಯಾಗಬಲ್ಲ ಉಗ್ರ ಅರ್ಬುದ. ಆಫ್ರಿಕದ ಉಷ್ಣಪ್ರದೇಶಗಳಲ್ಲಿ ಹೆಚ್ಚಾಗಿ ಮಕ್ಕಳ ದವಡೆಯಲ್ಲಿ ತೋರಿಕೊಳ್ಳುವುದು.

ಯುಗಾಂಡದ ಕಂಪಾಲ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದ ಐರ್ಲೆಂಡಿನ ಡೆನಿಸ್ ಬರ್ಕಿಟ್, ದವಡೆಯ ನಾಲ್ಕು ಭಾಗಗಳೂ ಊದಿಕೊಂಡಿದ್ದ ಮಗುವೊಂದನ್ನು 1957ರಲ್ಲಿ ಕಂಡು, ಸ್ವಲ್ಪ ಕಾಲದಲ್ಲಿಯೇ ಅಂಥದೇ ಇನ್ನೊಂದು ಮಗುವನ್ನೂ ನೋಡಿ, ಇದು ಕಾಕತಾಳೀಯವಲ್ಲವೆಂದು ಬಗೆದು, ಮರುವರ್ಷ ತನ್ನ ವರದಿಯನ್ನು ಪ್ರಕಟಿಸಿದನು. 1961ರಲ್ಲಿ ಇಬ್ಬರು ವೈದ್ಯಮಿತ್ರರೊಡನೆ ಹಳೆಯ ಮೋಟಾರಿನಲ್ಲಿ ಹತ್ತು ಸಾವಿರ ಮೈಲಿಗಳಷ್ಟು ಅಲೆದು, ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಗಳ ಛಾಯಾಚಿತ್ರ ತೋರಿಸಿ ವಿಚಾರಿಸಿದಾಗ, ಎತ್ತರದ ತಂಪು ನಾಡುಗಳಲ್ಲಿಯೂ ಮಳೆಯಿಲ್ಲದ ಸೀಮೆಗಳಲ್ಲಿಯೂ ಈ ರೋಗವು ವಿರಳವೆಂದು ತಿಳಿದುಬಂದಿತು. ಸೊಳ್ಳೆಗಳೂ ಅಲ್ಲಿ ವಿರಳವಾದುದರಿಂದ, ಸೊಳ್ಳೆಯು ಹೊತ್ತು ತರುವ ಯಾವುದೋ ವೈರಾಣುವೇ ಕಾರಣವಿರಬೇಕೆಂಬ ಊಹೆ ಸಹಜವಾಗಿಯೇ ಹುಟ್ಟಿತು.

ಅದೇ ವರ್ಷ ಲಂಡನ್ನಿನಲ್ಲಿ ಬರ್ಕಿಟ್ ಮಾಡಿದ ಉಪನ್ಯಾಸವನ್ನು ಕೇಳಿದ ಸಂಶೋಧಕ ಆಂಟನಿ ಎಪ್ಸ್ಟೈನ್, ಕಂಪಾಲದಿಂದ ವಿಮಾನದಲ್ಲಿ ಗಂತಿಯ ತುಣುಕುಗಳನ್ನು ತರಿಸಿ ಶೋಧಿಸತೊಡಗಿದನು. ಎರಡು ವರ್ಷ ಏನೂ ದೊರೆಯಲಿಲ್ಲ. 1963ರ ಡಿಸೆಂಬರಿನಲ್ಲಿ ವಿಮಾನವು ಮಂಜಿನ ದೆಸೆಯಿಂದ ಮ್ಯಾಂಚೆಸ್ಟರಿಗೆ ತಿರುಗಿಹೋಗಿ, ತಡವಾಗಿ ತಲಪಿದ ಗಂತಿಯ ತುಣುಕಿನ ಸುತ್ತಲಿನ ದ್ರವವು ಕದಡಿದ್ದುದರಿಂದ, ಕೆಟ್ಟುಹೋಯಿತೆಂದು ಚೆಲ್ಲಿಬಿಡಬಹುದಾಗಿತ್ತು. ಚೆಲ್ಲದೆ ಪರೀಕ್ಷಿಸಿದುದೇ ಭಾಗ್ಯ. ಅದರಲ್ಲಿ ತೇಲುತ್ತಿದ್ದುವು ಜೀವಂತ ಅರ್ಬುದಕೋಶಗಳು. ಅವನ್ನು ಎಪ್ಸ್ಟೈನನ ಸಹಾಯಕಿ ಇವೊನ್ ಬಾರ್ ಬೆಳೆಸಿದಳು. ಸಹೋದ್ಯೋಗಿ ಬರ್ಟ್ ಅಚೊಂಗನೂ ಜೊತೆಗೂಡಿದನು. 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡ ವೈರಾಣುವಿಗೆ ಎಪ್ಸ್ಟೈನ್–ಬಾರ್ ಎಂಬ ಹೆಸರು ನಿಂತಿತು. ಅಚೊಂಗನ ಹೆಸರು ಬಿಟ್ಟುಹೋದುದು ನ್ಯಾಯವೆನ್ನಲಾಗದು.

ಆದರೆ ಈ ವೈರಾಣುವು ಎಂಜಲಿನ ಮೂಲಕ ಹರಡುವುದು, ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ನೆಲೆಸಿರುವುದು, ಅರ್ಬುದವಾದರೋ ಅತ್ಯಲ್ಪರಿಗೆ. ಸೊಳ್ಳೆ ತರುವುದು ಮಲೇರಿಯವನ್ನು. ಅದು ಬಿ ಕೋಶಗಳನ್ನು ಮತ್ತೆ ಮತ್ತೆ ಕೆರಳಿಸಿ ಅನರ್ಥಕ್ಕೆ ದಾರಿಮಾಡುವುದು. ಹಳೆಯ ಊಹೆ ಹೀಗೆ ಎರಡಾಗಿ ಸೀಳಿ, ಎರಡು ಹೋಳುಗಳಲ್ಲಿಯೂ ನಿಜವಾಯಿತು.

ಕೊನೆಯ ಪೆಟ್ಟು ವರ್ಣತಂತುಗಳಲ್ಲಿ ಬೀಳುವುದು. ಅರ್ಬುದಕೋಶಗಳ 14ನೆಯ ವರ್ಣತಂತುವಿನ ತುದಿಗೆ ಹೆಚ್ಚಿನ ತುಣುಕೊಂದು ಅಂಟಿರುವುದನ್ನು 1972ರಲ್ಲಿ ಮನೊಲೊವ್ ದಂಪತಿಗಳು ಗುರುತಿಸಿದರು; ಅದು 8ನೆಯದರಿಂದ ಬಂದುದೆಂದು 1976ರಲ್ಲಿ ಸ್ಪಷ್ಟವಾಯಿತು. ಆ ತುಣುಕಿನಲ್ಲಿದ್ದ ಮಿಕ್ ಎಂಬ ಜೀನು, ಪ್ರತಿಕಾಯಗಳನ್ನು ಎಡೆಬಿಡದೆ ತಯಾರಿಸುವ ಜೀನಿನ ನೆರೆಗೆ ಬಿದ್ದು, ಕೋಶವಿಭಜನೆಯ ಕಡಿವಾಣವನ್ನು ಕಿತ್ತೊಗೆಯುವುದೆಂದು 1982ರಲ್ಲಿ ತಿಳಿಯಿತು. ಅರ್ಬುದಕೋಶಗಳೊಳಗೆ ವೈರಾಣುವು ಆಫ್ರಿಕದ ರೋಗಿಗಳಲ್ಲಿ ಬಹುತೇಕ ಎಲ್ಲರಲ್ಲಿಯೂ, ಯೂರೋಪು ಅಮೆರಿಕಗಳಲ್ಲಿ ಕೆಲವರಲ್ಲಿ ಮಾತ್ರ ಕಾಣುವುದು. ಮಿಕ್ ಜೀನಿನ ಸ್ಥಾನಪಲ್ಲಟವಾದರೋ ಎರಡು ಕಡೆಯೂ ಹೆಚ್ಚುಕಡಿಮೆ ತಪ್ಪದು.