ಲಾರಿ ಚಾಲಕನ ಗಂಟೆಗಳ ಲೆಕ್ಕ

1939ರ ಮೋಟಾರು ವಾಹನ ಕಾಯ್ದೆಯಲ್ಲೇ ಚಾಲಕರ ದುಡಿಮೆಗೆ ಗಂಟೆಗಳ ಮಿತಿಯಿತ್ತು. ಆಗ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ತುಂಗಭದ್ರೆ ದಾಟಿ ಹರಿಹರ ಮುಟ್ಟಿದರೆ ಮೈಸೂರು ಸಂಸ್ಥಾನ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತು. ದೂರದ ಹಾದಿಗೆ 10 ಮತ್ತು 54ರವರೆಗೆ ಸಡಿಲಿಸಿತು. ಆದರೆ ಅದು ಅನ್ವಯವಾದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂಟಿ ಲಾರಿಯ ಮಾಲೀಕ ತಾನೇ ಸ್ಟೀರಿಂಗ್ ಹಿಡಿದರೆ? ದೊಡ್ಡ ತೂತು ಅಲ್ಲೇ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಸಾರಿಗೆ ವಾಹನ ನಡೆಸಲು ನೇಮಕಗೊಂಡವರಿಗೆಲ್ಲ ಇದೇ ಮಿತಿ ಹೇಳಿತು. ಗಂಟೆಗಳನ್ನು ಮೊದಲೇ ನಿಗದಿಪಡಿಸಿ ದಾಖಲಿಸಲು ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತು. ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾತ್ರ ಲೆಕ್ಕ ನಡೆಯುವುದು ಚೀಲಗಳದ್ದೇ.