ಪ್ರಿಕ್ಯಾಲ್ಕುಲಸ್: ಕಲನಶಾಸ್ತ್ರಕ್ಕೆ ಮುನ್ನಿನ ಹೊಸ್ತಿಲು

ಕಲನಶಾಸ್ತ್ರದ ತರಗತಿಗೆ ಕಾಲಿಡುವ ಮುನ್ನ ವಿದ್ಯಾರ್ಥಿಗೆ ಇರಬೇಕಾದ ಬೀಜಗಣಿತ ಮತ್ತು ತ್ರಿಕೋನಮಿತಿಯನ್ನು ಒಂದೆಡೆ ಬೋಧಿಸುವ ಕೋರ್ಸಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಿಕ್ಯಾಲ್ಕುಲಸ್ ಎಂದು ಹೆಸರು. ಕರ್ನಾಟಕದಲ್ಲಿ ಪಿಯುಸಿ ವಿಜ್ಞಾನ ಓದಿದವರಿಗೆ ಇದರ ಬಹುಭಾಗ ಪರಿಚಿತವೇ. ಪಿಯುಸಿಯಲ್ಲಿ ಗಣಿತವನ್ನು ಕೈಬಿಟ್ಟು, ಅರ್ಥಶಾಸ್ತ್ರದಂಥ ಪದವಿಗಾಗಿ ಅಲ್ಲಿಗೆ ತೆರಳುವವರಿಗೆ ಮಾತ್ರ ಇದು ಕಬ್ಬಿಣದ ಕಡಲೆ.

ಯಾರು ಯಾವ ತರಗತಿಗೆ ಎಂಬುದನ್ನು ಹಲವು ವಿಶ್ವವಿದ್ಯಾಲಯಗಳು ಪ್ರವೇಶದ ವೇಳೆ ನಡೆಸುವ ಮಟ್ಟನಿರ್ಣಯ ಪರೀಕ್ಷೆಯಿಂದ ತೀರ್ಮಾನಿಸುತ್ತವೆ. ಕೆಲವೆಡೆ ಇದನ್ನು ಮನೆಯಿಂದಲೇ ಬರೆಯಬಹುದು. ಪುಸ್ತಕ ನೋಡಿ ಉತ್ತರಿಸಿ ಮೇಲಿನ ತರಗತಿ ಗಿಟ್ಟಿಸಿಕೊಳ್ಳುವುದು ಜಾಣತನವೇನಲ್ಲ. ಅದರ ಬೆಲೆಯನ್ನು ಮೊದಲ ಸೆಮಿಸ್ಟರ್‌ನಲ್ಲೇ ತೆರಬೇಕಾಗುತ್ತದೆ.

ಮುಂದಿನ ಕ್ಯಾಲ್ಕುಲಸ್ ತರಗತಿಗೆ ಸಾಮಾನ್ಯವಾಗಿ ಕನಿಷ್ಠ ‘ಸಿ’ ಶ್ರೇಣಿ ಬೇಕು. ‘ಡಿ’ ಬಂದರೆ ಕೋರ್ಸನ್ನು ಮತ್ತೆ ಓದಬೇಕು, ಶುಲ್ಕವನ್ನೂ ಮತ್ತೆ ಕಟ್ಟಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಂತೂ ಭೌತಶಾಸ್ತ್ರ, ಅವಕಲ ಸಮೀಕರಣಗಳೆಲ್ಲ ಸಾಲಾಗಿ ಮುಂದಕ್ಕೆ ಹೋಗುತ್ತವೆ. ನಡುವೆ ಕೋರ್ಸನ್ನು ಕೈಬಿಡುವ ಅವಕಾಶವಿದೆ. ಆದರೆ ಎಫ್-1 ವೀಸಾ ಹೊಂದಿರುವ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಬೇಕಾದ್ದರಿಂದ, ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಥಾನಮಾನಕ್ಕೇ ಸಂಚಕಾರ.

ಅಂಕಗಳು ಸೋರಿಹೋಗುವುದು ಹೊಸ ಪಾಠಗಳಲ್ಲಿ ಅಲ್ಲ, ಹಳೆಯ ಬೀಜಗಣಿತದಲ್ಲಿ. ಮೊತ್ತದ ವರ್ಗವೆಂದರೆ ವರ್ಗಗಳ ಮೊತ್ತ ಎಂಬ ಭ್ರಮೆ ಇವುಗಳಲ್ಲಿ ಮೊದಲನೆಯದು. 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49. ಪ್ರತ್ಯೇಕವಾಗಿ ವರ್ಗ ಮಾಡಿ ಕೂಡಿಸಿದರೆ 25. ಅಂಕಿಗಳಲ್ಲಿ ಯಾರೂ ಎಡವದ ಈ ಲೆಕ್ಕ ಅಕ್ಷರಗಳು ಬಂದೊಡನೆ ಕೈಕೊಡುತ್ತದೆ. ಲಘುಗಣಕದಲ್ಲಿಯೂ ಹೀಗೆಯೇ: 10ರ ಲಘುಗಣಕಕ್ಕೆ 10ರ ಲಘುಗಣಕವನ್ನು ಕೂಡಿಸಿದರೆ ಸಿಗುವುದು 100ರ ಲಘುಗಣಕ, 20ರದ್ದಲ್ಲ. ಇನ್ನು ತ್ರಿಕೋನಮಿತಿ. ಎಸ್ಸೆಸ್ಸೆಲ್ಸಿಯಲ್ಲಿ ಡಿಗ್ರಿಗಳನ್ನಷ್ಟೇ ಕಂಡವರಿಗೆ ಇಲ್ಲಿ ರೇಡಿಯನ್ ಎದುರಾಗುತ್ತದೆ. ಕ್ಯಾಲ್ಕುಲೇಟರ್ ರೇಡಿಯನ್ ಕ್ರಮದಲ್ಲಿರುವಾಗ ಸೈನ್ 30 ಒತ್ತಿದರೆ ಅರ್ಧದ ಬದಲು ಋಣ 0.988 ಬರುತ್ತದೆ. ಉತ್ತರದ ಅಂದಾಜು ಇಲ್ಲದವನು ಅದನ್ನೇ ಬರೆದು ಬರುತ್ತಾನೆ. ಏಕಮಾನ ವೃತ್ತವನ್ನು ಮಗ್ಗಿಯಂತೆ ಉರು ಹೊಡೆಯುವುದಕ್ಕಿಂತ 30, 45, 60 ಡಿಗ್ರಿಗಳ ತ್ರಿಭುಜಗಳಿಂದ ಬೆಲೆಗಳನ್ನು ತಾನೇ ಪಡೆಯುವ ಅಭ್ಯಾಸ ಪರೀಕ್ಷೆಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

ತರಗತಿಯ ಪ್ರತಿ ಗಂಟೆಗೆ ಹೊರಗೆ ಎರಡು ಗಂಟೆ ಓದು ಎಂಬುದು ಅಮೆರಿಕದ ಕ್ರೆಡಿಟ್ ಲೆಕ್ಕದ ಆಧಾರ. ಅಂದರೆ 4 ಕ್ರೆಡಿಟ್‌ನ ಕೋರ್ಸಿಗೆ ವಾರಕ್ಕೆ ಹೊರಗಿನ 8 ಗಂಟೆ. ಕಂಪ್ಯೂಟರಿನಲ್ಲಿ ಸಲ್ಲಿಸುವ ಮನೆಗೆಲಸ ಒಂದು ಮೋಸದ ಕನ್ನಡಿ. ಅನೇಕ ವೇಳೆ ತಪ್ಪಾದರೆ ಮತ್ತೆ ಮತ್ತೆ ಯತ್ನಿಸಲು ಅವಕಾಶವಿರುವುದರಿಂದ ಅಲ್ಲಿ ಪೂರ್ಣಾಂಕ ಪಡೆದವರೂ ಪರೀಕ್ಷೆಯಲ್ಲಿ ತಡವರಿಸುವುದುಂಟು. ಅದೇ ಲೆಕ್ಕಗಳನ್ನು ಎರಡು ದಿನ ಬಿಟ್ಟು, ಬಿಳಿ ಹಾಳೆಯ ಮೇಲೆ, ಪರಿಹಾರ ನೋಡದೆ ಬಿಡಿಸಿದಾಗಲೇ ನಿಜಸ್ಥಿತಿ ತಿಳಿಯುವುದು. ಪ್ರಾಧ್ಯಾಪಕರು ವಿದ್ಯಾರ್ಥಿಗಳ ಸಂದೇಹಕ್ಕೆಂದೇ ವಾರದಲ್ಲಿ ಕೆಲವು ಗಂಟೆ ಕೊಠಡಿಯಲ್ಲಿ ಲಭ್ಯರಿರುತ್ತಾರೆ. ಮೇಷ್ಟ್ರ ಕೊಠಡಿಯ ಬಾಗಿಲು ತಟ್ಟಲು ಅಂಜುವ ನಮ್ಮ ಮಕ್ಕಳು ಈ ಸೌಲಭ್ಯವನ್ನು ಕಳೆದುಕೊಳ್ಳಬಾರದು. ಆ ಸಮಯಕ್ಕೆ ಹೋದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಪುಸ್ತಕಕ್ಕೆ ಹಣ ಸುರಿಯಬೇಕಾಗಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಯೋಜನೆಯ ಪ್ರಿಕ್ಯಾಲ್ಕುಲಸ್ ಪಠ್ಯ ಅಂತರ್ಜಾಲದಲ್ಲಿ ಉಚಿತ. ವಿಮಾನ ಹತ್ತುವ ಮೊದಲು ಊರಲ್ಲೇ ಸಿದ್ಧತೆ ನಡೆಸುವವರಿಗೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಗಣಿತ ಪುಸ್ತಕದಲ್ಲಿ ಉತ್ಪನ್ನಗಳು ಹಾಗೂ ತ್ರಿಕೋನಮಿತಿಯ ಅಧ್ಯಾಯಗಳು ಸಿಗುತ್ತವೆ. ಘಾತೀಯ ಮತ್ತು ಲಘುಗಣಕ ಉತ್ಪನ್ನಗಳಿಗೆ 12ನೇ ತರಗತಿಯ ಪುಸ್ತಕದ 5ನೇ ಅಧ್ಯಾಯವನ್ನು ನೋಡಬೇಕು.