ಆಸಿಲೋಸ್ಕೋಪ್‌ನಲ್ಲಿ ಅಲೆ ವಕ್ರವಾಗಿ ಕಂಡರೆ ಬೋರ್ಡ್ ಕೆಟ್ಟಿದೆಯೇ?

ನಂಬಿಕೆ: ಪರದೆಯಲ್ಲಿ ಚೌಕ ಅಲೆಯ ಮೂಲೆಗಳು ದುಂಡಾಗಿ ಕಂಡರೆ ಬೋರ್ಡ್ ಹಾಳಾಗಿದೆ, ಬದಲಾಯಿಸಲೇಬೇಕು.

ವಾಸ್ತವ: ಹಾಗೇನಿಲ್ಲ. ವೋಲ್ಟೇಜ್ ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತದೆ ಎಂಬುದನ್ನು ಗೆರೆಯಾಗಿ ತೋರಿಸುವ ಉಪಕರಣ ಆಸಿಲೋಸ್ಕೋಪ್. ದೋಷ ಬೋರ್ಡ್‌ನಲ್ಲೇ ಇರಬೇಕೆಂದಿಲ್ಲ, ಅಳೆಯುವ ಪ್ರೋಬ್‌ನಲ್ಲೂ ಇರಬಹುದು.

ಪರೀಕ್ಷೆ ಹೇಗೆ?
ಹೆಚ್ಚಿನ ಆಸಿಲೋಸ್ಕೋಪ್‌ಗಳ ಮುಂಭಾಗದಲ್ಲಿ ಪರೀಕ್ಷೆಗೆಂದೇ ಚೌಕ ಅಲೆ ಕೊಡುವ ಕೊಂಡಿ ಇರುತ್ತದೆ, ಸಾಮಾನ್ಯವಾಗಿ 1 ಕಿಲೋಹರ್ಟ್ಸ್. ಪ್ರೋಬನ್ನು 10ಎಕ್ಸ್‌ಗೆ ಇಟ್ಟು ಅಲ್ಲಿಗೆ ಸಿಕ್ಕಿಸಿ. ಅಲ್ಲೂ ಮೂಲೆ ದುಂಡಾಗಿದ್ದರೆ ಅಥವಾ ಕೊಂಬಿನಂತೆ ಮೇಲೆದ್ದಿದ್ದರೆ, ಪ್ರೋಬ್‌ನ ಹೊಂದಾಣಿಕೆ ತಪ್ಪಿದೆ ಎಂದರ್ಥ. ಪ್ರೋಬ್‌ನಲ್ಲಿರುವ ಪುಟ್ಟ ಸ್ಕ್ರೂ ತಿರುಗಿಸಿ, ಅಲೆಯ ತಲೆ ಸಮತಟ್ಟಾಗುವಂತೆ ಸರಿಪಡಿಸಿ. ಆಮೇಲೂ ಬೋರ್ಡ್‌ನ ಅಲೆ ವಕ್ರವಾಗಿದ್ದರೆ ಬೋರ್ಡನ್ನು ಅನುಮಾನಿಸಿ.

ಎಚ್ಚರ: ಈ ಪ್ರೋಬನ್ನು ಮನೆಯ 230 ವೋಲ್ಟ್ ಸಾಕೆಟ್‌ಗೆ ಹಾಕಬೇಡಿ. ಪ್ರೋಬ್‌ನ ಗ್ರೌಂಡ್ ಕ್ಲಿಪ್ ಸಾಮಾನ್ಯವಾಗಿ ಅರ್ಥಿಂಗ್‌ಗೆ ಸೇರಿರುತ್ತದೆ. ಅದು ಲೈವ್ ತಂತಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ‘ಅರ್ಥ್ ಪಿನ್ ತೆಗೆದುಬಿಡಿ’ ಎಂಬ ಸಲಹೆ ಇನ್ನೂ ಅಪಾಯಕಾರಿ: ಆಗ ಉಪಕರಣದ ಲೋಹದ ಭಾಗಗಳಲ್ಲೇ ಕರೆಂಟ್ ಹರಿದು, ಮುಟ್ಟಿದವರ ಜೀವ ಹೋಗಬಹುದು. ಅಂಥ ಸಲಹೆ ಫಾರ್ವರ್ಡ್ ಆಗಿ ಬಂದರೆ ಮುಂದೆ ಕಳಿಸಬೇಡಿ.